ಹುಳುಮನೆಗೆ ಅತ್ತರು ಹಚ್ಚಿಕೊಂಡು ಹೋದೆ

೧೯೬೮ರಲ್ಲಿ ನಾನು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯಲ್ಲಿ ರೇಷ್ಮೆ ಪ್ರದರ್ಶಕನಾಗಿದ್ದೆ. ಹುಳು ಸಾಕುವ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ, ಸೊಪ್ಪು ಹೇಗೆ ಹಾಕಬೇಕು, ತಟ್ಟೆ ಹೇಗೆ ಶುಚಿಯಾಗಿಡಬೇಕು ಎಂದು ಮಾಡಿ ತೋರಿಸುವುದು ನನ್ನ ಕೆಲಸ. ವಯಸ್ಸು ಇಪ್ಪತ್ನಾಲ್ಕು, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಶೋಕಿಗೇನೂ ಕಡಿಮೆಯಿರಲಿಲ್ಲ. ಅತ್ತರೆಂದರೆ ಪ್ರಾಣ ಬಿಡುತ್ತಿದ್ದೆ.

ಅದನ್ನು ಹಚ್ಚಿಕೊಳ್ಳುವ ರೀತಿಯನ್ನು ಹೊಸಕೋಟೆಯ ಅತ್ತರಿನ ಸಾಬರು ಕಲಿಸಿದ್ದರು. ಸ್ನಾನ ಮಾಡಿ ಮೈ ಒರೆಸಿಕೊಂಡ ಮೇಲೆ ಮಣಿಕಟ್ಟಿಗೆ ಒಂದು ತೊಟ್ಟು, ಕಿವಿಯ ಹಿಂದೆ ಒಂದು ತೊಟ್ಟು. ಉಜ್ಜಬಾರದು. ಬಟ್ಟೆಗೆ ತಾಗಿಸಬಾರದು, ಕಲೆ ಜಪ್ಪಯ್ಯ ಅಂದರೂ ಹೋಗದು. ಸೀಸೆಯ ಬಿರಡೆ ಬಿಗಿಯಾಗಿರಬೇಕು, ಬಿಸಿಲು ಸೋಕಬಾರದು. ದಿನವಿಡೀ ಘಮಘಮ ಎನ್ನಬೇಕಾದರೆ ಅತ್ತರಿನಲ್ಲಿ ಅದ್ದಿದ ಹತ್ತಿಯ ಚೂರನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳಬೇಕು. ಇಷ್ಟನ್ನೂ ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ.

ಕೆಲಸದ ದಿನ ಮಾತ್ರ ಸೀಸೆ ಮುಟ್ಟುತ್ತಿರಲಿಲ್ಲ. ರೇಷ್ಮೆ ಹುಳುವಿಗೆ ಘಾಟು ವಾಸನೆ ಆಗದು. ಬೀಡಿ, ಒಗ್ಗರಣೆ ಹೊಗೆ, ಮುಡಿದ ಹೂವು ಯಾವುದೂ ಹುಳುಮನೆಯ ಹತ್ತಿರ ಸುಳಿಯಬಾರದು ಎಂದು ಊರೂರಿಗೆ ಉಪದೇಶ ಮಾಡುತ್ತಿದ್ದವನು ನಾನೇ.

ಹೋಬಳಿಯ ಒಂದು ಹಳ್ಳಿಯಲ್ಲಿ ಮುನಿಲಕ್ಷ್ಮಮ್ಮ ಎಂಬ ಹಿರಿಯರ ಮನೆಯಿತ್ತು. ಅಲ್ಲಿ ಹುಳು ನೋಡಿಕೊಳ್ಳುತ್ತಿದ್ದವಳು ಸೊಸೆ ಜಯಮ್ಮ. ಎಂಥ ಕೈ ಆ ಹುಡುಗಿಯದು! ಸೊಪ್ಪಿನ ತೇವ ಹೆಚ್ಚಾದರೆ ಬೆರಳಲ್ಲೇ ಹೇಳುತ್ತಿದ್ದಳು. ಗಂಡನ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದ ಜಾಗ ಅದೊಂದೇ.

ಒಂದು ದಿನ ಹೊಸಕೋಟೆಯಲ್ಲಿ ಸಹೋದ್ಯೋಗಿಯ ಮದುವೆ, ಅತ್ತರು ಹಚ್ಚಿಕೊಂಡೇ ಹೋಗಿದ್ದೆ. ಊಟ ಮುಗಿಸಿ ಅಲ್ಲಿಂದಲೇ ಜಯಮ್ಮನ ಮನೆಗೆ ಹೋದೆ. ಹುಳುಗಳು ಆಗತಾನೆ ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಬಿಡುವುದನ್ನು ರೈತರು ಜ್ವರವೆನ್ನುತ್ತಾರೆ. ಆಗ ಸೊಪ್ಪು ಹಾಕುವ ಕ್ರಮ ತೋರಿಸಲು ಮೂರು ತಟ್ಟೆಗಳಿಗೆ ನನ್ನ ಕೈಯಾರೆ ಹಾಕಿದೆ. ಮಾತಿನ ಮಧ್ಯೆ ಕಿವಿಯ ಹತ್ತಿಯನ್ನು ಒತ್ತಿಕೊಳ್ಳುವುದು, ಅದೇ ಬೆರಳಲ್ಲಿ ಸೊಪ್ಪು ಹರಡುವುದು. ನನಗೆ ಪರಿವೆಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹೇಳಿಕಳುಹಿಸಿದರು. ಮೂರು ತಟ್ಟೆಗಳಲ್ಲಿ ಸೊಪ್ಪು ಹಾಕಿದಂತೆಯೇ ಇತ್ತು. ಹುಳುಗಳು ಹಸಿರು ನೀರು ಕಕ್ಕಿ ಮುದುಡಿ ಬಿದ್ದಿದ್ದವು. ಮಿಕ್ಕ ತಟ್ಟೆಗಳ ಹುಳುಗಳು ಚರಚರನೆ ಮೇಯುತ್ತಿದ್ದವು. ಬಗ್ಗಿ ಮೂಸಿದೆ. ಬಾಡಿದ ಸೊಪ್ಪಿನಲ್ಲಿ ಮಲ್ಲಿಗೆ ಅತ್ತರು. ನನ್ನದೇ.

ಮುನಿಲಕ್ಷ್ಮಮ್ಮ ಸೊಸೆಯ ಕಡೆ ಕೈ ತೋರಿಸಿ ಕೂಗಾಡುತ್ತಿದ್ದರು. “ಇವ್ಳು ಹೊರಗಾಗಿರೋದು ಮುಚ್ಚಿಟ್ಕೊಂಡು ಒಳಗ್ ಬಂದವ್ಳೆ. ಮೈಲಿಗೆಗೆ ಹಿಂಗಾಗದೆ ಇನ್ನೇನಾಯ್ತದೆ? ನೀವೇ ಹೇಳಿ ಸ್ವಾಮಿ, ಅದೇ ಅಲ್ವಾ?”

ಮುಟ್ಟಾದ ಹೆಂಗಸು ಹುಳುಮನೆಗೆ ಕಾಲಿಡಬಾರದೆಂಬುದು ಅಲ್ಲಿಯ ಕಟ್ಟುಪಾಡು. ಅದರಿಂದ ಹುಳು ಸಾಯುವುದಿಲ್ಲವೆಂದು ನನಗೆ ಗೊತ್ತಿತ್ತು. ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಖಾಯಮಾತಿಯ ಕಾಗದ ನೆನೆದೆ, ಮೇಲಿನವರಿಗೆ ದೂರು ಹೋದರೆ ಗತಿಯೇನೆಂದು ಎಣಿಸಿದೆ.

“ಇರಬಹುದಮ್ಮ,” ಅಂದುಬಿಟ್ಟೆ.

ಥೂ, ನನ್ನ ಜನ್ಮಕ್ಕಿಷ್ಟು! ಸರ್ಕಾರದ ಮನುಷ್ಯನೇ ಹೇಳಿದನೆಂದರೆ ಮುಗಿಯಿತಲ್ಲ. ಅಂದೇ ಜಯಮ್ಮನನ್ನು ಹುಳುಮನೆಯಿಂದ ಬಿಡಿಸಿ ಹುಲ್ಲು ಕುಯ್ಯಲು ಹಾಕಿದರು. ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಅವಳು ತಲೆಯ ಮೇಲೆ ಹೊರೆ ಹೊತ್ತು ಎದುರಾಗುತ್ತಿದ್ದಳು. ನಾನು ಸೈಕಲ್ಲಿನ ಚೈನು ಸರಿಮಾಡುವ ನೆಪದಲ್ಲಿ ಬಗ್ಗುತ್ತಿದ್ದೆ.

ಹೇಳಲು ಆರು ತಿಂಗಳು ಬೇಕಾಯಿತು. ನೌಕರಿ ಖಾಯಂ ಆದ ಮೇಲೆ, ಇನ್ನು ಭಯವಿಲ್ಲವೆಂದು ಖಚಿತವಾದ ಮೇಲೆ, ಹೋಗಿ ಅತ್ತೆ ಸೊಸೆ ಇಬ್ಬರ ಮುಂದೆಯೂ ಒಪ್ಪಿಕೊಂಡೆ. “ನನ್ ಬಾಯಲ್ಲಿ ಏನೇನ್ ಅನ್ನಿಸ್ಬಿಟ್ರಲ್ಲಾ ಸ್ವಾಮಿ,” ಎಂದು ಮುನಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಜಯಮ್ಮ ಅಳಲಿಲ್ಲ. “ನಂಗೆ ಅವತ್ತೇ ಗೊತ್ತಿತ್ತು ಸಾರ್. ಸೊಪ್ಪು ತೆಗ್ದು ಬಿಸಾಕ್ದೋಳು ನಾನೇ ಅಲ್ವಾ, ವಾಸ್ನೆ ಬಡೀತು.”

“ಮತ್ತೆ ಹೇಳಬಾರದಿತ್ತೇನಮ್ಮ?”

“ನಾನ್ ಹೇಳಿದ್ರೆ ಯಾರ್ ನಂಬ್ತಿದ್ರು? ಓದಿದೋರು, ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ.”

ಮುಂದಿನ ಬೆಳೆಗೆ ಅವಳು ಮತ್ತೆ ಹುಳುಮನೆಗೆ ಬಂದಳು. ಮೂವತ್ತು ವರ್ಷದ ಸೇವೆಯಲ್ಲಿ ಆಮೇಲೂ ನಾನು ತಪ್ಪು ಮಾಡಿದ್ದೇನೆ, ಆದರೆ ಅಂದಂದಿನದನ್ನು ಅಂದಂದೇ ರೈತರ ಮುಂದೆ ಹೇಳಿದ್ದೇನೆ. ಏಕೆಂದರೆ ತಡವಾಗಿ ಹೇಳಿದ ಆ ನಿಜದಿಂದ ಹಗುರಾದವನು ನಾನೊಬ್ಬನೇ. ಜಯಮ್ಮನ ಆರು ತಿಂಗಳನ್ನು ಅವಳಿಗೆ ಹಿಂತಿರುಗಿಸಲು ನನ್ನಿಂದಾಗಲಿಲ್ಲ.