ಸುಭಾಗಿ ಕಾಕಿಯ ಡ್ರಮ್ಮಿನ ಮಣ್ಣು

ಅರ್ಧಕ್ಕೆ ಕತ್ತರಿಸಿದ ಒಂದು ಡ್ರಮ್ಮಿಗೆ ಹನ್ನೊಂದು ಬಕೆಟ್ ಮಣ್ಣು ಬೇಕು. ನನಗೆ ಇದು ಗೊತ್ತಿರಬೇಕಾದ ವಿಷಯವೇ ಅಲ್ಲ. ನಾನು ಲೌಟೋಕ ಪೇಟೆಯ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು; ಸಂಜೆ ಬಸ್ಸಿಳಿಯುವಾಗ ಚಾಪೆ ಕಂಡರೆ ಸಾಕಪ್ಪಾ ಅನ್ನಿಸುತ್ತದೆ. ಆದರೆ ಪಕ್ಕದ ಮನೆಯಲ್ಲಿ ಸುಭಾಗಿ ಕಾಕಿ ಇದ್ದಾಳೆ. ಬೇಲಿಯಾಚೆಯಿಂದ "ರೇಶ್ಮೀ, ಕೈ ಖಾಲಿ ಇದೆಯಾ?" ಎಂದು ಅವಳು ಕೇಳಿದರೆ, ಇಲ್ಲ ಅನ್ನಲು ಈ ಆರು ವರ್ಷದಲ್ಲಿ ನನಗೆ ಬಾಯಿ ಬಂದಿಲ್ಲ.

ನಮ್ಮದು ಕಡಲಂಚಿನ ಕಾಂಡ್ಲಾ ಗಿಡ ಕಡಿದು, ಕಲ್ಲುಪುಡಿ ತುಂಬಿಸಿ ಮಾಡಿದ ಬಡಾವಣೆ. ಮೊಣಕೈಯುದ್ದ ಅಗೆದರೆ ಉಪ್ಪುನೀರು. ಅದಕ್ಕೇ ಗಿಡಕ್ಕೆಲ್ಲ ಡ್ರಮ್ಮು. ಗುತ್ತಿಗೆ ಮುಗಿದು ಕಬ್ಬಿನ ಹೊಲ ಬಿಟ್ಟು ಬರುವಾಗ ಕಾಕಿ ತಂದದ್ದು ತೀರಿಹೋದ ಗಂಡ ರಾಮ್‌ಸಮುಜ್ ಕಾಕನ ಫೋಟೊ, ಒಂದು ತವಾ, ಮತ್ತೆ ಅವನು ಮೂವತ್ತು ವರ್ಷ ಆರಿಸಿ ಆರಿಸಿ ಉಳಿಸಿದ ಬೋಂಗೊ ಮೆಣಸಿನಕಾಯಿಯ ಬೀಜ. ಸುಕ್ಕುಗಟ್ಟಿದ ಗುಂಡನೆಯ ಕಾಯಿ. ಅರ್ಧ ಕಾಯಿ ಒಂದು ಪಾತ್ರೆ ದಾಲಿಗೆ ಧಾರಾಳ. ಈ ಮಾರ್ಚಿನ ಚಂಡಮಾರುತ ಏಳು ಡ್ರಮ್ಮುಗಳನ್ನೂ ಮಗುಚಿ ಹಾಕಿತು. ಗಿಡ ಹೋಯಿತು, ಮಣ್ಣೂ ಹೋಯಿತು. ಕೆಸರಿನಲ್ಲಿ ಸಿಕ್ಕ ಎರಡು ಹಣ್ಣಿನ ಬೀಜದಿಂದ ಹಾಲಿನ ಡಬ್ಬಿಗಳಲ್ಲಿ ಹದಿನಾಲ್ಕು ಸಸಿ ಎದ್ದವು. ಕಾಕನ ತಳಿ ಅಂತ ಭೂಮಿಯ ಮೇಲೆ ಉಳಿದದ್ದು ಅಷ್ಟೇ.

ಡ್ರಮ್ಮು ತುಂಬುವುದಕ್ಕೆ ಕಾಕಿಯದೊಂದು ಲೆಕ್ಕವಿತ್ತು. ತಳಕ್ಕೆ ತೆಂಗಿನ ಸಿಪ್ಪೆ. ಮೇಲೆ ಗುಡ್ಡದ ಮಣ್ಣು ಎರಡು ಪಾಲು, ಸಕ್ಕರೆ ಗಿರಣಿಯಲ್ಲಿ ಕಬ್ಬಿನ ರಸ ಸೋಸಿ ಉಳಿದ ಮಡ್ಡಿ ಒಂದು ಪಾಲು. ಹಸಿ ಮಡ್ಡಿ ಒಳಗೊಳಗೇ ಕಾಯುತ್ತದೆ, ಬೇರನ್ನು ಬೇಯಿಸಿಬಿಡುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಕಾಕಿ ಮಣ್ಣಿನೊಳಗೆ ಮಣಿಕಟ್ಟಿನವರೆಗೆ ಕೈ ಇಟ್ಟು, ಮಂಗಳವಾರದ ಭಜನೆ ಮಂಡಳಿಯಲ್ಲಿ ಹಾಡುವ ಒಂದು ಚೌಪಾಯಿ ಪದ್ಯವನ್ನು ನಿಧಾನ ಹೇಳುತ್ತಿದ್ದಳು. ಚೌಪಾಯಿ ಮುಗಿಯುವ ತನಕ ಕೈ ತಾಳಿದರೆ ಮಣ್ಣು ಹದಕ್ಕೆ ಬಂತು ಅಂತ. ಸುತ್ತಲ ನಾಲ್ಕು ಬೀದಿಯವರು ತಮ್ಮ ಡ್ರಮ್ಮಿಗೂ ಅವಳ ಕೈಯನ್ನೇ ಕರೆಯುತ್ತಿದ್ದರು.

ಈ ಸಲ ಗುಡ್ಡದಿಂದ ಮಣ್ಣು ಹೊರುವುದು ಯಾರು? ಸಕ್ಕರೆ ಕಾಯಿಲೆಗೆ ಹೋದ ವರ್ಷ ಕಾಕಿಯ ಕಾಲಿನ ಎರಡು ಬೆರಳು ತೆಗೆದಿದ್ದಾರೆ. ಉಳಿದವಳು ನಾನು. ಮೂರನೆಯ ಭಾನುವಾರದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು. "ಮಣ್ಣು, ಮಡ್ಡಿ ಸಮ ಸಮ ಹಾಕೋಣ ಕಾಕಿ, ಏನಾಗಲ್ಲ" ಅಂದವಳು ನಾನೇ. ಕಾಕಿಗೂ ಸಾಕಾಗಿತ್ತು. ಬೇಡ ಅನ್ನಲಿಲ್ಲ.

ಲಾರಿಯಲ್ಲಿ ಮಡ್ಡಿ ತಂದ ಸಿತಿವೇನಿ ಮಾತ್ರ ಸಲಿಕೆ ಊರಿ ನಿಂತು, "ಬುಬು, ಇದು ನಿನ್ನೆ ಬಿದ್ದ ಮಡ್ಡಿ. ದೀಪಾವಳಿವರೆಗೆ ಸಸಿ ಇಡಬೇಡ" ಅಂದ. ಅವನು ಈ ದ್ವೀಪದ ಮೂಲದವನು; ಅವರ ಕಡೆ ಅಜ್ಜಿಯನ್ನು ಬುಬು ಅನ್ನುತ್ತಾರೆ.

"ನಿಮ್ಮಪ್ಪ ಚಡ್ಡಿ ಹಾಕೋ ಮುಂಚೆಯಿಂದ ಮಡ್ಡಿ ನೋಡಿದೀನಿ ಕಣೋ. ಯಾವಾಗ ಅಂತ ನನ್ನ ಕೈ ಹೇಳ್ತದೆ."

"ಕೈ ಹೇಳ್ತದೆ ಬುಬು. ನೀನು ಇವತ್ತಿನವರೆಗೆ ಯಾರ ಮಾತು ಕೇಳಿದೀಯ?"

ಐದು ಡ್ರಮ್ಮು ತುಂಬಿದ್ದೆವು. ಐದೇ ವಾರಕ್ಕೆ ಕಾಕಿ "ತಣ್ಣಗಾಯ್ತು" ಅಂದಳು. ನನಗೆ ಬೇಗ ಅನ್ನಿಸಿತು, ಆದರೆ ಮುಗಿದರೆ ಸಾಕಾಗಿತ್ತು. ಡ್ರಮ್ಮಿಗೆ ಎರಡರಂತೆ ಹತ್ತು ಸಸಿ ನೆಟ್ಟಳು. ತುಂಬದೆ ಉಳಿದ ಎರಡು ಡ್ರಮ್ಮಿನ ಪಾಲಿನ ನಾಲ್ಕು ಸಸಿ ಡಬ್ಬಿಯಲ್ಲೇ ಉಳಿದವು. ಅವತ್ತು ಅವಳ ಬೆರಳಿಗೆ ಬಟ್ಟೆ ಸುತ್ತಿತ್ತು. "ಏನು ಕಾಕಿ, ರೊಟ್ಟಿ ಬಿಟ್ಟು ಬೆರಳು ಸುಟ್ಟುಕೊಂಡ್ಯಾ?" ಎಂದು ನಾನು ನಕ್ಕಿದ್ದೆ.

ಮೂರನೆಯ ದಿನ ಹತ್ತೂ ಸಸಿ ಬಾಡಿ ಮಲಗಿದವು. ಕಾಕಿ ನಲ್ಲಿ ನೀರನ್ನು ಬೈದಳು, ಸಿತಿವೇನಿಯನ್ನು ಬೈದಳು, ಬೀದಿಯವರ ಕಣ್ಣನ್ನು ಬೈದಳು. ನನಗೆ ರೇಗಿತು. ಒಂದು ಸಸಿ ಕಿತ್ತು ನೋಡೋಣವೆಂದು ಮಣ್ಣೊಳಗೆ ಕೈ ಹಾಕಿದೆ. ಅರ್ಧ ಚೌಪಾಯಿಯಷ್ಟು ಹೊತ್ತೂ ಇಡಲಾಗಲಿಲ್ಲ. ಆಗಷ್ಟೇ ಇಳಿಸಿದ ಅನ್ನದಂತೆ ಸುಡುತ್ತಿತ್ತು.

"ಕಾಕಿ, ಬಿಸಿ ಇದೆ. ನಿಂಗೆ ತಾಗ್ಲಿಲ್ವಾ?"

ಅವಳು ತನ್ನ ಕೈಯನ್ನು ಸೀರೆಯ ಸೆರಗಿನೊಳಗೆ ಎಳೆದುಕೊಂಡಳು. "ಹೋಳಿ ಕಳೆದಾಗಿಂದ ತಾಗ್ತಾ ಇಲ್ಲ. ತವಾನೂ ತಾಗಲ್ಲ. ಆಸ್ಪತ್ರೇಲಿ ಹೇಳಿದ್ರೆ ಕಾಲಿನ ಹಾಗೆ ಇದನ್ನೂ ಕತ್ತರಿಸ್ತಾರೆ ಅಂತ ಸುಮ್ಮನಿದ್ದೆ" ಅಂದಳು.

ಬೈಯಬೇಕೆಂದುಕೊಂಡೆ. ಸಮ ಸಮ ಹಾಕೋಣ ಅಂದದ್ದು ನಾನೇ ಅಂತ ನೆನಪಾಯಿತು. ನನಗೆ ನಾಚಿಕೆಯಾಯಿತು.

ಮರುದಿನ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಯಾರೂ ಕೈ ಕತ್ತರಿಸಲಿಲ್ಲ, ಮಾತ್ರೆ ಬದಲಿಸಿದರು. ಆಮೇಲಿನ ಭಾನುವಾರಗಳೆಲ್ಲ ಹನ್ನೊಂದು ಬಕೆಟ್ ತೆಗೆಯುವುದು, ಗುಡ್ಡಕ್ಕೆ ಹೋಗುವುದು, ಲೆಕ್ಕ ಸರಿಮಾಡಿ ಮತ್ತೆ ಹನ್ನೊಂದು ಬಕೆಟ್ ತುಂಬುವುದು. ನಾಲ್ಕು ಸಸಿಗೆ ಎರಡೇ ಡ್ರಮ್ಮು ಸಾಕಿತ್ತು, ಅದೊಂದು ಪುಣ್ಯ. ದಿನಾ ಬಸ್ಸಿಗೆ ಮೊದಲು ಮಣ್ಣಿಗೆ ನನ್ನ ಕೈ, ಚೌಪಾಯಿಗೆ ಅವಳ ಬಾಯಿ. "ಇನ್ನೂ ಬಿಸಿ ಇದೆ ಕಾಕಿ" ಎಂದು ನಾನು ಕೈ ತೆಗೆದರೆ ಅವಳು ನಡುವೆಯೇ ನಿಲ್ಲಿಸಿ ಒಳಗೆ ಹೋಗುತ್ತಿದ್ದಳು. ಡಬ್ಬಿಯ ಸಸಿಗಳು ಸೊರಗಿ ಕಡ್ಡಿಯಾಗುತ್ತಿದ್ದವು.

ದೀಪಾವಳಿಗೆ ಒಂಬತ್ತು ದಿನವಿರುವಾಗ ಚೌಪಾಯಿ ಕೊನೆಯವರೆಗೆ ಬಂತು. ನಾನು ಕೈ ತೆಗೆಯಲಿಲ್ಲ. ಅವಳು ನಂಬಲಿಲ್ಲ, ಇನ್ನೊಂದು ಸಲ ಮೊದಲಿನಿಂದ ಹೇಳಿದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ತನ್ನ ಕೈಯನ್ನೂ ಮಣ್ಣಿಗಿಳಿಸಿ, ತಡಕಾಡಿ, ಏನನ್ನೋ ಹಿಡಿದಳು.

"ಇದು ಮಣ್ಣಾ, ನಿನ್ನ ಕೈಯಾ?"

"ನನ್ನ ಕೈ, ಕಾಕಿ."

"ತಣ್ಣಗಿದೆಯಾ?"

"ತಣ್ಣಗಿದೆ."

"ಹಾಗಾದ್ರೆ ನೆಡು" ಅಂದಳು, ಕೈ ಮಾತ್ರ ಬಿಡಲಿಲ್ಲ. ಮೊದಲನೆಯ ಸಸಿಯನ್ನು ನಾನು ಎಡಗೈಯಲ್ಲೇ ನೆಟ್ಟೆ. ನನ್ನ ಬಸ್ಸು ಹೋಯಿತು.