ಪ್ಯಾನೆಲ್ಲಿನ ತಲೆಯ ಮೇಲಿನ ಡಕ್ಟು

ತಗಡು ಮೇಸ್ತ್ರಿ ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಆಸಾಮಿಯಲ್ಲ. ದೊಡ್ಡ ಕಟ್ಟಡಗಳಲ್ಲಿ ಎಸಿಯ ತಂಪು ಗಾಳಿ ಸಾಗುವ ತಗಡಿನ ಡಕ್ಟು ಕಟ್ಟುವುದು ಅವನ ಕಸುಬು. ಸೈಟ್ ಆಫೀಸಿನ ಗೋಡೆಗೆ ಅಂಟಿಸಿದ ನಕ್ಷೆಯ ಮೇಲೆ ಒಂದು ಸಲ ಕಣ್ಣಾಡಿಸಿ ಬಂದನೆಂದರೆ ಮುಗಿಯಿತು, ಯಾವ ತೊಲೆಯ ಕೆಳಗೆ ಡಕ್ಟು ತಗ್ಗಬೇಕು, ಎಲ್ಲಿ ತಿರುಗಬೇಕು, ಎಲ್ಲವೂ ತಲೆಯಲ್ಲಿ. ಮಿಕ್ಕವರು ಕಾಗದ ಬಿಡಿಸಿಕೊಂಡು ನಿಂತಿದ್ದರೆ ಅವನಿಗೆ ನಗು. ಜಂಬ ಸ್ವಲ್ಪ ಜಾಸ್ತಿಯೇ ಇತ್ತು, ಸುಳ್ಳೇಕೆ ಹೇಳಬೇಕು.

ಅಂಥವನು ಆ ಸೋಮವಾರ ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಬಾಗಿಲು ತೆಗೆದು ಕಣ್ಣು ಕಣ್ಣು ಬಿಟ್ಟ. ಕಾರಿಡಾರಿನ ಕೊನೆಗೆ ಅಕ್ಕಪಕ್ಕ ಎರಡು ಕೋಣೆ, ಅಳತೆಯಲ್ಲಿ ಅವಳಿಜವಳಿ. ಒಂದು ಕಂಪ್ಯೂಟರ್ ಸರ್ವರುಗಳಿಗೆ, ಇನ್ನೊಂದು ಕರೆಂಟಿನ ಪ್ಯಾನೆಲ್ಲುಗಳಿಗೆ. ಸರ್ವರುಗಳಿಗೆ ತಂಪು ಗಾಳಿ ಬೇಕೇ ಬೇಕು. ಪ್ಯಾನೆಲ್ಲಿನ ಮೇಲೆ ಮಾತ್ರ ಡಕ್ಟು ಹಾಯಬಾರದು. ತಣ್ಣನೆಯ ತಗಡು ಬೆವರುತ್ತದೆ, ಒಂದು ಹನಿ ಕೆಳಗೆ ಬಿದ್ದರೂ ಕಥೆ ಮುಗಿಯಿತು. ಎರಡೂ ಕೋಣೆ ಖಾಲಿಯಿದ್ದಾಗ ಎಡಗಡೆಯದು ಸರ್ವರಿನದೆಂದು ಅಲ್ಲಿ ಡಕ್ಟು ಕಟ್ಟಿಸಿ, ರಜೆ ಹಾಕಿ ಮಗಳ ಮನೆಗೆ ಹೋಗಿಬಂದಿದ್ದ. ಈಗ ನೋಡಿದರೆ ಡಕ್ಟಿನ ಬಾಯಿಯ ನೇರ ಕೆಳಗೆ ಆಳೆತ್ತರದ ಪ್ಯಾನೆಲ್ಲು ನಿಂತಿದೆ.

ಹೊರಗೆ ಬಂದು, ಬಾಗಿಲು ಎಣಿಸಿ, ಮತ್ತೆ ಒಳಗೆ ಹೋದ. ಪ್ಯಾನೆಲ್ಲು ಅಲ್ಲೇ ಇತ್ತು. ತನ್ನ ಆಳುಗಳನ್ನು ಕೇಳಿದರೆ, ನೀವು ತೋರಿಸಿದ ಕಡೆಯೇ ಕಟ್ಟಿದ್ದೇವೆ ಎಂದರು. ಕೆಳಗಿಳಿದು ಗೋಡೆಯ ನಕ್ಷೆ ನೋಡಿದ. ಎಡಕ್ಕೆ ಕರೆಂಟು, ಬಲಕ್ಕೆ ಸರ್ವರು. ಬೆರಳಿಟ್ಟು ಇನ್ನೊಂದು ಸಲ ಓದಿದ.

ಅವನಿಗೆ ನೆನಪಾದದ್ದು ಅಪ್ಪ. ಅಪ್ಪನಿಗೂ ಹೀಗೆಯೇ ಶುರುವಾಗಿತ್ತು. ಒಂದು ದಿನ ಪಕ್ಕದ ಮನೆಯೊಳಗೆ ಹೋಗಿ ಕೂತು, ನನ್ನ ಮಂಚ ಯಾರು ಸರಿಸಿದರು ಎಂದು ಕೇಳಿದ್ದ. ಕೊನೆಗೆ ಮಗನನ್ನೇ ಯಾರೆಂದು ವಿಚಾರಿಸುವಲ್ಲಿಗೆ ಬಂದು ನಿಂತಿತ್ತು.

ಮೇಲೆ ಎಲೆಕ್ಟ್ರಿಷಿಯನ್ ಕಾಯುತ್ತಿದ್ದ. ಇಬ್ಬರೂ ಎಷ್ಟೋ ಕಟ್ಟಡಗಳಲ್ಲಿ ಜೊತೆಗೆ ದುಡಿದವರು. ಮೊದಲು ಜಗಳ, ಆಮೇಲೆ ಚಹಾ, ಅದು ಅವರ ಪದ್ಧತಿ. ಸೂರಿನ ಜಾಗ ತಗಡಿಗೋ ಕೇಬಲಿಗೋ ಎಂದು ಕಿತ್ತಾಡದೆ ಒಂದು ಮಹಡಿಯೂ ಮುಗಿದಿರಲಿಲ್ಲ.

“ಮೇಸ್ತ್ರಿ, ನಿಮ್ಮ ಡಕ್ಟು ನನ್ನ ಪ್ಯಾನೆಲ್ ತಲೆ ಮೇಲೆ ಕೂತಿದೆ,” ಎಂದು ಸೊಂಟಕ್ಕೆ ಕೈಕೊಟ್ಟು ನಿಂತ.

“ತಪ್ಪಾಗಿದೆ. ಬಿಚ್ಚಿಸ್ತೀನಿ ಬಿಡು.”

ಎಲೆಕ್ಟ್ರಿಷಿಯನ್ ತಬ್ಬಿಬ್ಬಾದ. ತಪ್ಪು ಎಂಬ ಮಾತು ಆ ಬಾಯಿಂದ ಬಂದದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಸಂಜೆ ಮೇಸ್ತ್ರಿ ಚಹಾಕ್ಕೆ ನೀರಿಟ್ಟು, ಎಡವೋ ಬಲವೋ ಎಂದು ಲೆಕ್ಕ ಹಾಕುತ್ತ ಕಿಟಕಿಯ ಹತ್ತಿರ ನಿಂತುಬಿಟ್ಟ. ಪಾತ್ರೆ ಸುಟ್ಟು ಕರಕಲಾಯಿತು. ಹೆಂಡತಿ ಓಡಿ ಬಂದು ಒಲೆ ಆರಿಸಿದಳು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಸ್ತ್ರಿ ಡಕ್ಟಿನ ಕಥೆಯನ್ನೆಲ್ಲ ಅವಳಿಗೆ ಹೇಳಿಕೊಂಡ.

“ನಂಗೂ ಅಪ್ಪನ ಥರಾನೇ ಆಗ್ತಿದೆ ಕಣೇ. ಖಂಡಿತ ಅದೇ,” ಎಂದ.

ಅವಳು ತಿಕ್ಕುತ್ತಿದ್ದ ಪಾತ್ರೆಯಿಂದ ತಲೆ ಎತ್ತಲಿಲ್ಲ.

ಮರುದಿನದಿಂದ ಮನೆಯೂ ಕೈಕೊಡತೊಡಗಿತು. ಒಲೆಯ ಪಕ್ಕ ಇರುತ್ತಿದ್ದ ಲೈಟರ್ ಇಲ್ಲ. ಗೂಡಿನಲ್ಲಿಟ್ಟ ಸ್ಕೂಟರಿನ ಕೀಲಿ ಇಲ್ಲ. ಹೆಂಡತಿಯನ್ನು ಕೇಳಿದರೆ, ಎಲ್ಲೋ ಇಟ್ಟಿರಬೇಕು, ಬಸ್ಸಿಗೆ ಹೋಗಿ ಎಂದಳು. ಬಸ್ಸಿನಲ್ಲಿ ಕೂತು ತನ್ನ ತಲೆಯನ್ನು ತಾನೇ ಪರೀಕ್ಷೆ ಮಾಡಿದ. ಹದಿಮೂರರ ಮಗ್ಗಿ ಅರ್ಧದಲ್ಲೇ ನಿಂತಿತು. ಅದು ಶಾಲೆಯಲ್ಲಿದ್ದಾಗಲೂ ಬರುತ್ತಿರಲಿಲ್ಲ ಎಂಬುದು ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ. ಭಯವೆಂದರೆ ಅವನಿಗೆ ಅಷ್ಟು ಭಯವಾಗಿತ್ತು.

ಡಕ್ಟು ತುಂಡು ತುಂಡಾಗಿ ಕೆಳಗಿಳಿಯಿತು. ಎಲೆಕ್ಟ್ರಿಷಿಯನ್ ದಿನವೂ ಬಂದು ಬಾಗಿಲಲ್ಲಿ ಸುಮ್ಮನೆ ನಿಂತು ಹೋಗುತ್ತಿದ್ದ. ಮೇಸ್ತ್ರಿ ತುಟಿ ಪಿಟಕ್ಕೆನ್ನಲಿಲ್ಲ. ಶನಿವಾರ ಎಲೆಕ್ಟ್ರಿಷಿಯನ್ನಿಗೆ ತಡೆಯಲಾಗಲಿಲ್ಲ.

“ಮೇಸ್ತ್ರಿ, ಒಂದ್ಸಲ ಬೈದುಬಿಡಿ, ನೀವು ಹೀಗಿದ್ರೆ ನನ್ನ ಕೈಲಿ ನೋಡಕ್ಕಾಗಲ್ಲ. ರೂಮು ಅದಲು ಬದಲು ಮಾಡ್ಸಿದ್ದು ನಾನೇ. ಈ ಕಡೆಗೆ ಕೇಬಲ್ ಹತ್ತಿರ ಆಗ್ತಿತ್ತು, ನೀವು ರಜೇಲಿದ್ರಿ. ನಕ್ಷೆನೂ ಹೊಸದು ಅಂಟಿಸಿದ್ರು. ನಿಮಗೆ ಹೇಳ್ತೀವಿ ಅಂದಿದ್ರು ಆಫೀಸಿನವ್ರು.”

“ಹಳೇ ನಕ್ಷೇಲಿ ಎಡಕ್ಕೆ ಏನಿತ್ತು?”

“ಸರ್ವರ್ ರೂಮೇ.”

ಮೇಸ್ತ್ರಿ ಅದನ್ನು ಇನ್ನೊಂದು ಸಲ ಹೇಳಿಸಿದ. ಆಮೇಲೆ ಏಣಿಯ ಮೇಲೆ ಕೂತಲ್ಲೇ ನಗತೊಡಗಿದ, ಕಣ್ಣಲ್ಲಿ ನೀರು ಬರುವಷ್ಟು. ಕಟ್ಟಿದ ಕೆಲಸವೆಲ್ಲ ನೀರುಪಾಲಾಗಿದೆ, ಈತ ನಗುತ್ತಿದ್ದಾನೆ. ಈಗ ಅವನ ತಲೆಯ ಬಗ್ಗೆ ನಿಜವಾಗಿಯೂ ಅನುಮಾನ ಬಂದದ್ದು ಆಳುಗಳಿಗೆ.

ಮನೆ ಮುಟ್ಟಿದವನು ಚಪ್ಪಲಿ ಬಿಡುವ ಮುಂಚೆಯೇ ಹೆಂಡತಿಗೆ ಎಲ್ಲ ಹೇಳಿದ. ಅವಳು ಕೇಳುತ್ತ ಕೇಳುತ್ತ ಕುಸಿದು ಕೂತಳು, ಅಂಗೈಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯ ತಳಕ್ಕೆ ಕೈಹಾಕಿ, ಲೈಟರನ್ನೂ ಸ್ಕೂಟರಿನ ಕೀಲಿಯನ್ನೂ ತಂದು ಮೇಜಿನ ಮೇಲಿಟ್ಟಳು.

ಮೇಸ್ತ್ರಿಯ ನಗು ಅಲ್ಲಿಗೇ ನಿಂತಿತು. ವಾರವೆಲ್ಲ ಪಟ್ಟ ಹೆದರಿಕೆಗಿಂತ ಇದೇ ಹೆಚ್ಚು ನೋಯಿಸಿತು.

“ನೀನೂ ನಂಬಿಬಿಟ್ಯಾ?”

“ನೀವೇ ಹೇಳಿದ್ರಲ್ಲ, ಖಂಡಿತ ಅಂತ,” ಎಂದಳು. “ನೀವು ಖಂಡಿತ ಅಂದಿದ್ದು ಯಾವತ್ತಾದ್ರೂ ತಪ್ಪಾಗಿದೆಯಾ?”

ಇದಕ್ಕೆ ಸಿಟ್ಟಾಗಬೇಕೋ ಹಿಗ್ಗಬೇಕೋ ಮೇಸ್ತ್ರಿಗೆ ತಿಳಿಯಲಿಲ್ಲ. ಕೀಲಿಗೆ ಅಂಟಿದ ಹಿಟ್ಟು ಒರೆಸಿ, ಅದನ್ನು ಎಂದಿನ ಗೂಡಿನಲ್ಲಿಟ್ಟ. ಇಟ್ಟದ್ದನ್ನು ಅವಳಿಗೂ ಕರೆದು ತೋರಿಸಿದ.