ನುಂಗಿದ ಮೂರು ಸಾಲು

ವಿಮಲಾ ಆಂಟಿ, ಐದು ವರ್ಷದ ಹಿಂದೆ ಕನ್ನಡದವರ ಸಭೆಯಲ್ಲಿ ನಾನು ಓದಿದ ಕವಿತೆ ಅಲ್ಲಿಗೆ ಮುಗಿದಿರಲಿಲ್ಲ. ಇನ್ನೂ ಮೂರು ಸಾಲುಗಳಿದ್ದವು. ಅವು ನಿಮ್ಮ ಅಕ್ಕ ನಿಮಗಾಗಿಯೇ ಬರೆದವು. ನಾನು ಬೇಕೆಂದೇ ಬಿಟ್ಟೆ.

ನಿಮ್ಮ ಮೇಲೆ ಮುನಿದು, ಫಾಸ್ಟರ್ ಸಿಟಿಯ ನಿಮ್ಮ ನೀರಂಚಿನ ಮನೆ ಬಿಟ್ಟ ನಿಮ್ಮ ಸುಶೀಲಕ್ಕ ಆಗ ಬೆರ್ರಿಯೆಸಾದ ನಮ್ಮ ಮನೆಯಲ್ಲಿದ್ದರು — ಈಗಲೂ ಇದ್ದಾರೆ. ನನ್ನ ಒಂದು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದರು. ಅವಳು ಮಲಗಿದಾಗ, ಧಾರವಾಡದಲ್ಲಿ ಫ್ರೆಂಚ್ ಕಲಿಸುತ್ತಿದ್ದ ಕಾಲದ ಹಳೆಯ ಪುಸ್ತಕವೊಂದರಿಂದ ಒಬ್ಬ ಕವಿಯನ್ನು ಕನ್ನಡಕ್ಕೆ ತರುತ್ತಿದ್ದರು. ಎಂಟುನೂರು ವರ್ಷದ ಹಿಂದೆ ಫ್ರಾನ್ಸಿನ ದಕ್ಷಿಣದಲ್ಲಿ, ಆಕ್ಸಿಟಾನ್ ಭಾಷೆಯಲ್ಲಿ ಹಾಡು ಕಟ್ಟಿದವನು. ಪ್ರೀತಿಸಿದವಳ ಕೋಟೆಗೆ ಕಾಲಿಡಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ಬೇರೊಂದು ಕೋಟೆಯಲ್ಲಿ ಅನ್ನದ ಹಂಗಿನಲ್ಲಿದ್ದುಕೊಂಡು, ಹಾಡನ್ನು ಹಾಡುಗಾರನ ಬಾಯಲ್ಲಿ ಕಳಿಸುತ್ತಿದ್ದ. ಕೊನೆಯ ಮೂರು ಸಾಲಿನಲ್ಲಿ, ಅವರಿಬ್ಬರಿಗಷ್ಟೇ ಗೊತ್ತಿದ್ದ ಹೆಸರಿನಿಂದ ಅವಳನ್ನು ಕರೆದು, ಹೇಳಬೇಕಾದ್ದನ್ನು ಹೇಳುತ್ತಿದ್ದ.

ಸಭೆಯ ದಿನ ಮಗಳಿಗೆ ಜ್ವರ. ಅಕ್ಕ ಮನೆಯಲ್ಲೇ ಉಳಿದರು. ಆ ಕವಿಯ ಒಂದು ಹಾಡನ್ನು ಕನ್ನಡಕ್ಕೆ ತಂದು, ಕೊನೆಗೆ ತಮ್ಮವೇ ಮೂರು ಸಾಲು ಸೇರಿಸಿದ್ದ ಹಾಳೆಯನ್ನು ನನ್ನ ಕೈಗಿಟ್ಟು ನಕ್ಕರು: "ನೀನ ನನ್ನ ಹಾಡಾಕಿ. ದಾರ್‍ಯಾಗ ನುಂಗಬ್ಯಾಡ ಮತ್ತ."

ಅಕ್ಕನ ಹೆಸರು ಹೇಳಿ ಓದುತ್ತ ಕೊನೆಗೆ ಬಂದೆ. ಚಿಕ್ಕಂದಿನಲ್ಲಿ ಅಕ್ಕ ನಿಮ್ಮನ್ನು ಕರೆಯುತ್ತಿದ್ದ ಹೆಸರು ಅಲ್ಲಿತ್ತು. ಎದುರಿನ ಕುರ್ಚಿಯಲ್ಲಿ ನೀವು — ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಿರಿ. ಓದಿದರೆ ನೀವು ಕರೆಯುತ್ತೀರಿ, ಅಕ್ಕ ಹೊರಟುಹೋಗುತ್ತಾರೆ. ಡೇಕೇರಿನಲ್ಲಿ ಜಾಗವಿಲ್ಲ. ಸೋಮವಾರ ಆಫೀಸು... ನನ್ನ ತಲೆಯಲ್ಲಿದ್ದದ್ದು ಇಷ್ಟೇ, ಇದಕ್ಕಿಂತ ದೊಡ್ಡದೇನೂ ಅಲ್ಲ. ಹಾಳೆ ಮಡಿಸಿ ಕೈಮುಗಿದೆ.

ಊಟದ ಸಾಲಿನಲ್ಲಿ ನೀವೇ ಬಂದು ಕೇಳಿದಿರಿ: "ಇಷ್ಟ ಏನವಾ? ಕಡೀಕ ಏನೂ ಬರದಿಲ್ಲೇನು ಆಕಿ?"

"ಇಷ್ಟೇ, ಆಂಟಿ," ಎಂದೆ.

ಮನೆಗೆ ಬಂದು ಅಕ್ಕನಿಗೆ "ಎಲ್ಲಾ ಓದ್ದೆ" ಎಂದೆ. ಅವರು ವಾರಗಟ್ಟಲೆ ನಿಮ್ಮ ಫೋನಿಗೆ ಕಾದರು. ಒಂದು ದಿನ ಮಗಳಿಗೆ ಅನ್ನ ಕಲಸುತ್ತ, "ಕೇಳಿನೂ ಸುಮ್ಮನ ಕುಂತಾಳ. ಇರ್ಲಿ ಬಿಡು," ಎಂದರು. ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. "ನೀ ಇಟ್ಕೊಳ್ಳದಿದ್ರ ನಾ ಎಲ್ಲಿಗೆ ಹೋಗ್ತಿದ್ದೆ" ಎಂದು ಬಂದವರೆದುರೆಲ್ಲ ನನ್ನನ್ನು ಹೊಗಳುತ್ತಾರೆ. ನಾನು ಚಹಾ ತರುವ ನೆಪದಲ್ಲಿ ಎದ್ದು ಹೋಗುತ್ತೇನೆ — ಹೋಗುವುದಾದರೂ ಎಲ್ಲಿಗೆ, ಅಡುಗೆಮನೆಗೂ ಆ ಮಾತು ಕೇಳಿಸುತ್ತದೆ.

ಇಂದು ಬೆಳಿಗ್ಗೆ ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಳಿ ಇಟ್ಟೀಯೇನು?"

ಇಟ್ಟಿದ್ದೆ. ಅದರಲ್ಲಿರುವಂತೆಯೇ ಬರೆಯುತ್ತಿದ್ದೇನೆ.

ಹೋಗು ಹಾಡೇ, ನೀರಂಚಿನ ಮನೆಗೆ.
ಗುಬ್ಬವ್ವನಿಗೆ ಹೇಳು, ತಪ್ಪು ನನ್ನದಿತ್ತು.
ಕರೆದರೆ ಇವತ್ತೇ ಬರುತ್ತೇನೆ.